ಎಂ ಸೈಜಿನ ಕಾಳಿರಾಣಿ

ನನ್ನ ಬ್ಯೂಟಿ ಪಾರ್ಲರಿನ ಬಾಗಿಲ ಹಿಂದೆ, ಗಿರಾಕಿಗಳ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಹೊದಿಕೆಯ ಪಕ್ಕದಲ್ಲಿ, ಒಂದು ಕರಿ ಟೀ ಶರ್ಟು ಹ್ಯಾಂಗರಿನಲ್ಲಿ ತೂಗುತ್ತಿರುತ್ತದೆ. ಬೆನ್ನಿನ ಮೇಲೆ ಹಳದಿ ಅಕ್ಷರಗಳಲ್ಲಿ ‘ಕಾಳಿರಾಣಿ’ ಎಂದು ಬರೆದಿದೆ. ಹುಬ್ಬು ತಿದ್ದಿಸಿಕೊಳ್ಳಲು ಬಂದವರು ಸರದಿ ಕಾಯುತ್ತ ಕೂತಾಗ ಅದರ ಮೇಲೆ ಕಣ್ಣು ಬಿದ್ದು, ‘ಯಾರದ್ರೀ ಇದು?’ ಎಂದು ಕೇಳುತ್ತಾರೆ. ‘ನಂದ’ ಎನ್ನುತ್ತೇನೆ. ಅವರು ಶರ್ಟನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಮತ್ತೆ ಶರ್ಟನ್ನು ನೋಡುತ್ತಾರೆ. ಆಮೇಲೆ ಮರ್ಯಾದಸ್ಥರಾದ್ದರಿಂದ ಫ್ಯಾನನ್ನು ನೋಡುತ್ತಾರೆ.

ಅವರನ್ನು ದೂರುವಂತಿಲ್ಲ. ಶರ್ಟಿನ ಕೊರಳಪಟ್ಟಿಯಲ್ಲಿ ‘ಎಂ’ ಎಂಬ ಅಕ್ಷರವಿದೆ. ಅದರ ತೋಳಿನಲ್ಲಿ ನನ್ನ ಕೈ ಮೊಣಕೈವರೆಗೆ ಹೋಗಿ, ಮುಂದೆ ರಸ್ತೆಯಿಲ್ಲವೆಂದು ನಿಂತುಬಿಡುತ್ತದೆ. ದಾಂಡೇಲಿಯಲ್ಲಿ ಸಿದ್ಧ ಉಡುಪು ಮಾರುವ ಯಾವ ಅಂಗಡಿಯವನೂ ನನ್ನನ್ನು ನೋಡಿದ ಮೇಲೆ ಕೆಳಗಿನ ಕಪಾಟಿನ ಕಡೆ ಕೈ ಹಾಕುವುದಿಲ್ಲ. ನೇರವಾಗಿ ಸ್ಟೂಲು ತರಿಸಿ ಅಟ್ಟ ಹತ್ತುತ್ತಾನೆ. ಹಾಗಿರುವಾಗ ಈ ಶರ್ಟು ನನ್ನದಾದದ್ದು ಹೇಗೆ ಎಂಬುದನ್ನು ಹೇಳಬೇಕಾದರೆ, ಮೊದಲು ನನ್ನ ಒಂದು ಚಟದ ಬಗ್ಗೆ ಹೇಳಬೇಕು.

ನಾನು ಗೇಮ್ ಆಡುತ್ತೇನೆ. ಕ್ಯಾರಮ್ಮು, ಚೌಕಾಬಾರ ಅಲ್ಲ. ಮೊಬೈಲಿನಲ್ಲಿ, ವಿಮಾನದಿಂದ ದ್ವೀಪದ ಮೇಲೆ ಜಿಗಿದು, ಬಂದೂಕು ಹುಡುಕಿಕೊಂಡು, ಕೊನೆಯ ತನಕ ಬದುಕಿ ಉಳಿಯುವ ಆಟ. ನನಗೆ ನಲವತ್ತೊಂದು ವರ್ಷ. ಹೈಸ್ಕೂಲು ಮುಗಿಸಿದ ಮಗನಿದ್ದಾನೆ. ಅವನು ನನ್ನ ಜೊತೆ ಆಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ‘ಅವ್ವಾ, ನೀ ಭಾಳ ಸೀರಿಯಸ್ ಆಗ್ತಿ’ ಎನ್ನುವುದು ಅವನ ದೂರು. ನಮ್ಮ ಯಜಮಾನರು ಮಿಲ್ಲಿನ ಪಾಳಿ ಮುಗಿಸಿ ಬಂದು ಮಲಗಿದಾಗ ನಾನು ಪಡಸಾಲೆಯಲ್ಲಿ ಕೂತು, ‘ಎಡಕ್ಕ ಹೊಡೀರಿ, ಅಲ್ಲೇ ಗ್ವಾಡಿ ಹಿಂದ ಅದಾನ’ ಎಂದು ಕೂಗಿದ್ದಕ್ಕೆ ಒಮ್ಮೆ ಅವರು ನಿದ್ದೆಗಣ್ಣಲ್ಲಿ ಎದ್ದು ಬಡಿಗೆ ಹಿಡಿದುಕೊಂಡು ಬಂದಿದ್ದರು. ಅಂದಿನಿಂದ ಪಾರ್ಲರಿನಲ್ಲಿ ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನವೇ ನನ್ನ ಯುದ್ಧದ ಹೊತ್ತು.

ಈ ಚಟ ಹತ್ತಿಸಿದವನು ನಮ್ಮಣ್ಣ. ನಾವು ಸಣ್ಣವರಿದ್ದಾಗ ಅವನು ಗೋವಾದಿಂದ ಬರುವ ಯಾರನ್ನೋ ಹಿಡಿದು ಟಿವಿಗೆ ಸಿಕ್ಕಿಸುವ ಒಂದು ಗೇಮು ತರಿಸಿದ್ದ. ಹಳದಿ ಕ್ಯಾಸೆಟ್ಟು. ಅದನ್ನು ಹಾಕುವ ಮೊದಲು ಅದರ ಹೊಟ್ಟೆಯೊಳಗೆ ಬಾಯಿಯಿಂದ ಊದಬೇಕು. ಯಾಕೆ ಊದಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ಊದದೆ ಹಾಕುವ ಧೈರ್ಯವೂ ಇರಲಿಲ್ಲ. ‘ಟಿವಿ ಟ್ಯೂಬು ಹೋಗ್ತೈತಿ’ ಎಂದು ಅವ್ವ ಒಳಗಿನಿಂದ ಕೂಗುತ್ತಲೇ ಇರುತ್ತಿದ್ದಳು. ಆ ಆಟದ ನಾಯಕನನ್ನು ನಾನು ಇವತ್ತಿಗೂ ಮರೆತಿಲ್ಲ. ಕೆಲವು ಬಣ್ಣದ ಚೌಕಗಳನ್ನು ಒಂದರ ಮೇಲೊಂದು ಇಟ್ಟ ಹಾಗಿದ್ದ. ಅವನು ದಪ್ಪನೋ ತೆಳ್ಳಗೋ, ಕರಿಯನೋ ಬಿಳಿಯನೋ ಹೇಳಲು ಬರುತ್ತಿರಲಿಲ್ಲ. ಹಾರುತ್ತಿದ್ದ, ಬೀಳುತ್ತಿದ್ದ, ಮತ್ತೆ ಎದ್ದು ಹಾರುತ್ತಿದ್ದ. ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ಈಗಿನ ಆಟಗಳಲ್ಲಿ ಹಾಗಲ್ಲ. ಗಂಡಸರ ಭುಜ ನೋಡಿದರೆ ಇವರು ನಮ್ಮ ಊರಿನ ಸಿಟಿ ಬಸ್ಸಿನ ಬಾಗಿಲಲ್ಲಿ ಹೇಗೆ ಹತ್ತಿಯಾರು ಎಂದು ಚಿಂತೆಯಾಗುತ್ತದೆ. ಹೆಂಗಸರಂತೂ ಯುದ್ಧಕ್ಕೆ ಹೊರಡುವಾಗ ಹಾಕಿಕೊಳ್ಳುವ ಬಟ್ಟೆ, ಗುಂಡು ಹಾಗಿರಲಿ, ಕಾಳಿ ನದಿಯ ದಂಡೆಯ ಸೊಳ್ಳೆಯನ್ನೂ ತಡೆಯಲಾರದು. ಅವರ ಸೊಂಟದೊಳಗೆ ಜಠರ, ಪಿತ್ತಕೋಶ, ಕರುಳು ಎಲ್ಲವನ್ನೂ ಯಾವ ಕ್ರಮದಲ್ಲಿ ಮಡಚಿ ಇಟ್ಟಿದ್ದಾರೋ ತಿಳಿಯದು. ಆಟ ಶುರು ಮಾಡುವಾಗ ನಮ್ಮ ಪಾತ್ರವನ್ನು ನಾವೇ ರೂಪಿಸಿಕೊಳ್ಳಬಹುದು. ಮೈಗಾತ್ರಕ್ಕೆ ಒಂದು ಗೀಟು ಇರುತ್ತದೆ, ಬೆರಳಿನಿಂದ ಎಳೆಯಬೇಕು. ನಾನು ಪ್ರಾಮಾಣಿಕವಾಗಿ ನನ್ನ ಹಾಗೇ ಒಬ್ಬಳನ್ನು ಮಾಡೋಣವೆಂದು ಎಳೆದೆ. ಎಳೆದೆ, ಎಳೆದೆ, ಗೀಟು ಮುಗಿಯಿತು. ಆ ಆಟದ ಪ್ರಕಾರ ಈ ಭೂಮಿಯ ಮೇಲೆ ಎಲ್ಲರಿಗಿಂತ ದಪ್ಪಗಿರುವ ಹೆಂಗಸು ಅಲ್ಲಿ ನಿಂತಿದ್ದಳು. ನೋಡಿದರೆ, ಟೈಫಾಯಿಡ್ ಬಂದು ಹೋದಾಗಿನ ನನ್ನ ತಂಗಿ.

ಆದರೂ ಆಟವನ್ನು ಬಿಡಲಿಲ್ಲ. ಒಂದು ವಿಷಯಕ್ಕೆ ಅದರ ಮೇಲೆ ನನಗೆ ಗೌರವವಿದೆ. ಆ ದ್ವೀಪದಲ್ಲಿ ಎಲ್ಲರ ಜೀವವೂ ಒಂದೇ ಅಳತೆಯ ಪಟ್ಟಿ. ಭುಜದವನಿಗೂ ಅಷ್ಟೇ, ಸೊಂಟದವಳಿಗೂ ಅಷ್ಟೇ. ಒಂದೇ ಗುಂಡಿಗೆ ಎಲ್ಲರಿಗೂ ಒಂದೇ ಪೆಟ್ಟು. ಓಡಿದರೆ ಯಾರಿಗೂ ಏದುಸಿರಿಲ್ಲ. ಮುಖ್ಯವಾಗಿ, ಸತ್ತು ಬಿದ್ದವನೂ ‘ಸ್ವಲ್ಪ ವಾಕಿಂಗ್ ಮಾಡ್ರಿ’ ಎಂದು ಬುದ್ಧಿ ಹೇಳುವುದಿಲ್ಲ.

ನನ್ನ ಕಸುಬೇ ಅಂಥದು. ದಿನವೆಲ್ಲ ಕನ್ನಡಿಯ ಮುಂದೆ ನಿಂತು ಹೆಂಗಸರು ತಮ್ಮನ್ನು ತಾವು ಬೈದುಕೊಳ್ಳುವುದನ್ನು ಕೇಳುತ್ತೇನೆ. ಹಣೆ ದೊಡ್ಡದಾಯಿತು, ಗಲ್ಲ ಎರಡಾಯಿತು, ಮೊದಲು ಹೀಗಿರಲಿಲ್ಲ. ಉತ್ತರ ಕೊಡೋಣವೆಂದರೆ ಬಾಯಲ್ಲಿ ಹುಬ್ಬು ತಿದ್ದುವ ದಾರದ ತುದಿ ಕಚ್ಚಿಕೊಂಡಿರುತ್ತೇನೆ. ಟಿವಿ ಧಾರಾವಾಹಿಯ ಸೊಸೆಯಂತೆ ಕಾಣಬೇಕೆಂದು ಫೋಟೋ ಹಿಡಿದುಕೊಂಡು ಬರುವವರೂ ಇದ್ದಾರೆ. ಆ ಸೊಸೆ ಮಲಗಿ ಏಳುವಾಗಲೂ ತುಟಿಯ ಬಣ್ಣ ಹೋಗಿರುವುದಿಲ್ಲ. ಅದನ್ನು ತೆಗೆಯದೆ ಮಲಗಿದರೆ ಬೆಳಿಗ್ಗೆ ದಿಂಬಿಗೆ ಯಾವ ಗತಿ ಬಂದಿರುತ್ತದೆ ಎಂದು ನನಗೆ ಗೊತ್ತು. ಎಲ್ಲ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, ‘ನಿಮ್ಮ ಮುಖ ಮಾತ್ರ ಭಾಳ ಚಂದ ಐತ್ರಿ’ ಎನ್ನುತ್ತಾರೆ. ಕುತ್ತಿಗೆಯಿಂದ ಕೆಳಗಿನದು ಕೋರ್ಟಿನಲ್ಲಿರುವ ಜಮೀನಿದ್ದಂತೆ. ಅದರ ಬಗ್ಗೆ ಯಾರೂ ಏನೂ ಹೇಳುವಂತಿಲ್ಲ.

ಈಗ ನನ್ನ ತಂಡದ ಬಗ್ಗೆ. ಆಟದಲ್ಲಿ ನಾಲ್ವರು ಒಂದು ಗುಂಪು. ನಾಲ್ಕನೆಯವರನ್ನು ಆಟವೇ ಎಲ್ಲಿಂದಲೋ ಹಿಡಿದು ತಂದು ಕೊಡುತ್ತದೆ, ಅವರು ಮಾತಾಡದೆ ಬಂದು ಮಾತಾಡದೆ ಸಾಯುತ್ತಾರೆ. ಉಳಿದ ಮೂವರು ಖಾಯಂ. ಒಬ್ಬಳು ನಾನು, ಕಾಳಿರಾಣಿ. ಇನ್ನೊಬ್ಬ ಅನಮೋಡದ ದತ್ತಾ, ಚೆಕ್‌ಪೋಸ್ಟಿನ ಹತ್ತಿರ ಅವನದು ಚಹಾದ ಹೋಟೆಲು. ಅಲ್ಲಿನ ನೆಟ್‌ವರ್ಕಿನ ದೆಸೆಯಿಂದ ಅವನು ‘ಅಕ್ಕಾ, ನಿಮ್ಮ ಹಿಂದ’ ಎಂದು ಇವತ್ತು ಹೇಳಿದರೆ ‘ಒಬ್ಬಾಂವ ಬಂದಾನ’ ಎನ್ನುವುದು ನಾನು ಸತ್ತ ಮೇಲೆ ಕೇಳುತ್ತದೆ. ಮೂರನೆಯವರು ಕ್ಯಾಪ್ಟನ್. ಮುಂಡಗೋಡ ತಾಲ್ಲೂಕಿನ ಸನವಳ್ಳಿಯವರು, ಹೆಸರು ಬಸವರಾಜ. ಅವರ ದನಿ ಬುಡದಿಂದ ಬರುವಂಥದು, ಹಿಂದೆ ಯಾವಾಗಲೂ ದೊಡ್ಡ ಯಂತ್ರದ ಗರಗರ ಸದ್ದು. ಆಟದಲ್ಲಿ ಅವರ ಪಾತ್ರ ಏಳಡಿಯ ಬರಿಮೈ ದೈತ್ಯ. ದನಿ, ಸದ್ದು, ದೈತ್ಯ ಮೂರನ್ನೂ ಕೂಡಿಸಿ ನಾನು ಮನಸ್ಸಿನಲ್ಲಿ ಒಬ್ಬ ಮನುಷ್ಯನನ್ನು ಕಟ್ಟಿಕೊಂಡಿದ್ದೆ. ಮೀಸೆ, ಬುಲೆಟ್ ಮೋಟರ್ ಸೈಕಲ್ಲು, ದೊಡ್ಡ ರೈಸ್ ಮಿಲ್ಲು.

ನಾವು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಎರಡು ವರ್ಷ ಹೀಗೇ ಸುಖವಾಗಿ ಕಳೆದಿತ್ತು. ಒಂದು ದಿನ ಆಟದ ನಡುವೆ, ನಾವೆಲ್ಲ ಒಂದು ಗೋದಾಮಿನಲ್ಲಿ ಅಡಗಿ ಕೂತಿದ್ದಾಗ, ಕ್ಯಾಪ್ಟನ್ ಹೇಳಿದರು.

‘ರಾಣಿ ಅಕ್ಕಾರ, ಮುಂದಿನ ಭಾನುವಾರ ದಾಂಡೇಲಿಗೆ ಬರ್ತೇನಿ. ಒಂದು ಮೋಟರ್ ರಿಪೇರಿಗೆ ಕೊಟ್ಟೇನಿ, ತಗೊಂಡು ಹೋಗಬೇಕು. ದತ್ತಾಗೂ ಬಾ ಅಂದೇನಿ. ಮೂವರೂ ಕೂಡಿ ಊಟ ಮಾಡೂಣು.’

ನಾನು ಗಾಬರಿಯಲ್ಲಿ ಗೋದಾಮಿನಿಂದ ಹೊರಗೆ ಓಡಿದೆ. ಅಲ್ಲಿ ಯಾರೋ ಹೊಡೆದುಹಾಕಿದರು.

ಮೂರು ದಿನ ಬಿಟ್ಟು ಮುಂಡಗೋಡದ ಬಸ್ಸಿನ ಕಂಡಕ್ಟರ್ ಪಾರ್ಲರಿಗೆ ಒಂದು ಪೊಟ್ಟಣ ತಂದುಕೊಟ್ಟ. ಒಳಗೆ ಈ ಶರ್ಟು. ಕ್ಯಾಪ್ಟನ್ ಮೂವರಿಗೂ ಹೆಸರು ಹಾಕಿಸಿ ಮಾಡಿಸಿದ್ದರು. ನಾನು ಫೋನು ಮಾಡಿ ಬಹಳ ಚೆನ್ನಾಗಿದೆ ಎಂದೆ. ‘ಅಳತಿ ಬರೋಬ್ಬರಿ ಆತೇನ್ರಿ? ನಿಮ್ಮ ದನಿ ಕೇಳಿ ಅಂದಾಜ ಮಾಡಿದ್ದು’ ಎಂದರು. ‘ಹೊಲಿಸಿದಂಗ ಆಗೇತ್ರಿ’ ಎಂದುಬಿಟ್ಟೆ. ‘ಹಂಗಾರ ಭಾನುವಾರ ಮೂವರೂ ಅದನ್ನ ಹಾಕ್ಕೊಂಡು ಬರೂಣು’ ಎಂದರು. ಹೂಂ ಎಂದು ಫೋನಿಟ್ಟು ಶರ್ಟಿನೊಳಗೆ ತಲೆ ಹಾಕಿದೆ. ತಲೆ ಹೋಯಿತು. ಆಮೇಲೆ ತಲೆ ಹೊರಗೆ ಬರಲೊಲ್ಲದು. ಮಗ ಬಂದು ಎಳೆದು ತೆಗೆದ. ಅವನು ನಗಲಿಲ್ಲ, ಅದೇ ನನಗೆ ಹೆಚ್ಚು ಬೇಜಾರಾಯಿತು.

ನೀವು ಹೇಳಬಹುದು, ನಿಜ ಹೇಳಿದ್ದರೆ ಏನಾಗುತ್ತಿತ್ತು ಎಂದು. ಏನೂ ಆಗುತ್ತಿರಲಿಲ್ಲ, ನನಗೂ ಗೊತ್ತು. ಆದರೆ ಆ ಆಟದೊಳಗೆ ನಾನು ಗೋಡೆ ಜಿಗಿಯುವವಳು. ‘ರಾಣಿ ಅಕ್ಕಾರ ಅದಾರಂದ್ರ ಹೆದರಿಕಿಲ್ಲ’ ಎಂದು ಒಬ್ಬ ಕ್ಯಾಪ್ಟನ್ ನನ್ನ ಬೆನ್ನ ಹಿಂದೆ ನಡೆಯುತ್ತಿದ್ದರು. ಇಡೀ ಪ್ರಪಂಚದಲ್ಲಿ ಇಬ್ಬರು ಮಾತ್ರ ನನ್ನನ್ನು ನೆನೆದಾಗ ಮೊದಲು ನನ್ನ ಗಾತ್ರವನ್ನು ನೆನೆಯುತ್ತಿರಲಿಲ್ಲ. ಆ ಇಬ್ಬರನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಆಗ ತಂಗಿಯ ನೆನಪಾಯಿತು. ಸರೋಜಾ ನನಗಿಂತ ಎರಡು ವರ್ಷಕ್ಕೆ ಸಣ್ಣವಳು, ಹಳಿಯಾಳಕ್ಕೆ ಕೊಟ್ಟಿದೆ. ನಾವು ಒಂದೇ ಮನೆಯಲ್ಲಿ ಒಂದೇ ಅನ್ನ ಉಂಡು ಬೆಳೆದವರೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಅವ್ವ ದೀಪಾವಳಿಗೆ ಒಂದೇ ತಾನಿನ ಬಟ್ಟೆ ತಂದು ಇಬ್ಬರಿಗೂ ಫ್ರಾಕು ಹೊಲಿಸುತ್ತಿದ್ದಳು. ಟೇಲರ್ ನನ್ನದನ್ನು ಮೊದಲು ಕತ್ತರಿಸಿ, ಉಳಿದಿದ್ದರಲ್ಲಿ ಸರೂದು ತೆಗೆಯುತ್ತಿದ್ದ. ಆದರೂ ಅವಳದರಲ್ಲಿ ಎರಡು ಜೇಬು ಜಾಸ್ತಿ ಇರುತ್ತಿದ್ದವು. ಮನೆಗೆ ಬಂದ ಸೋದರಮಾವ ನಮ್ಮಿಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ, ‘ಇಕೀ ಪಾಲೂ ನೀನ ತಿಂತಿ ಏನವಾ?’ ಎಂದು ನನ್ನನ್ನು ಕೇಳುತ್ತಿದ್ದ. ಅವನ ತಟ್ಟೆಯಲ್ಲಿ ಆಗ ಆರನೆಯ ಹೋಳಿಗೆ ಇರುತ್ತಿತ್ತು.

ಮೈ ಬೇರೆಯಾದರೂ ದನಿ ಮಾತ್ರ ಒಂದೇ. ಫೋನಿನಲ್ಲಿ ಅಪ್ಪನೇ ಮೋಸಹೋಗುತ್ತಿದ್ದ. ಸರೂನ ಗಂಡ ಒಮ್ಮೆ ನಾನೇ ಅವಳೆಂದು ತಿಳಿದು ಅಂಗಿಗೆ ಇಸ್ತ್ರಿಯಾಗಿಲ್ಲವೆಂದು ಬೈದ. ನಾನು ತಿರುಗಿ ಬೈದೆ. ಅವತ್ತು ಅವನೇ ಇಸ್ತ್ರಿ ಮಾಡಿಕೊಂಡನಂತೆ.

ಸರೂ ಭಾನುವಾರ ಬೆಳಗಿನ ಬಸ್ಸಿಗೆ ಬಂದಳು. ವಿಷಯ ಕೇಳಿ ಕಣ್ಣು ದೊಡ್ಡದು ಮಾಡಿದಳು.

‘ಅಕ್ಕಾ, ನಂಗ ಆ ಆಟದ ಅ ಆ ಗೊತ್ತಿಲ್ಲ.’

‘ಗೊತ್ತಿರೂದು ಬ್ಯಾಡ. ಊಟ ಮಾಡು, ಹೂಂ ಅನ್ನು. ತಿಳೀದಿದ್ರ ಕೆಮ್ಮು. ನಾ ಹಿಂದಿನ ಟೇಬಲ್‌ನ್ಯಾಗ ಕೂತಿರ್ತೇನಿ.’

‘ನೀ ಯಾಕ ಅಲ್ಲಿ?’

‘ನಾನೂ ಉಣಬೇಕಲ್ಲ.’

ಚೂಡಿದಾರದ ಪ್ಯಾಂಟಿನ ಮೇಲೆ ಆ ಶರ್ಟು ಹಾಕಿಕೊಂಡು ಅವಳು ಕನ್ನಡಿಯ ಮುಂದೆ ನಿಂತಾಗ, ಕ್ಯಾಪ್ಟನ್ ದನಿ ಕೇಳಿಯೇ ಅಳತೆ ತೆಗೆಯಬಲ್ಲರು ಎಂದು ಒಪ್ಪಬೇಕಾಯಿತು. ದನಿ ಅವಳದೂ ಹೌದಲ್ಲ. ಹಳಿಯಾಳದ ಯಾರಾದರೂ ನೋಡಿಯಾರೆಂದು ಅವಳು ಬೆನ್ನಿನ ಅಕ್ಷರಗಳ ಮೇಲೆ ದುಪಟ್ಟಾ ಹೊದ್ದುಕೊಂಡಳು.

ಖಾನಾವಳಿಯಲ್ಲಿ ಭಾನುವಾರದ ಗದ್ದಲ. ಸರೂನನ್ನು ಕಿಟಕಿಯ ಟೇಬಲ್ಲಿಗೆ ಕೂಡಿಸಿ, ನಾನು ಅದರ ಹಿಂದಿನದಕ್ಕೆ ಹೋಗಿ ಅವಳ ಬೆನ್ನಿಗೆ ಬೆನ್ನು ಹಾಕಿ ಕೂತೆ. ಎದುರಿನ ಗೋಡೆಯ ಕನ್ನಡಿಯಲ್ಲಿ ಬಾಗಿಲು ಕಾಣುತ್ತಿತ್ತು. ಬಡಿಸುವವನು ಬಂದು ನನ್ನ ಮುಂದೆ ಎರಡು ತಟ್ಟೆ ಇಟ್ಟ. ‘ನಾ ಒಬ್ಬಾಕೀನ ಅದೇನಪಾ’ ಎಂದೆ. ‘ಇನ್ನೊಬ್ಬರು ಬರ್ತಾರನೋ ಅಂದೆ’ ಎಂದು ಒಂದನ್ನು ಎತ್ತಿಕೊಂಡು ಹೋದ. ಅವನ ಮನಸ್ಸಿನಲ್ಲಿ ಏನಿತ್ತೋ, ನಾನಂತೂ ಅದನ್ನು ಹೊಟ್ಟೆಗೆ ಹಾಕಿಕೊಂಡೆ.

ಕನ್ನಡಿಯಲ್ಲಿ ಮೊದಲು ದತ್ತಾ ಕಂಡ. ಮೂವತ್ತರ ಒಳಗಿನ ಉದ್ದನೆಯ ಹುಡುಗ, ಶರ್ಟಿನ ಮೇಲೆ ಅವನ ಹೆಸರು. ಅವನ ಹಿಂದೆ ಒಬ್ಬ ಸಣ್ಣ ಆಸಾಮಿ ಬಂದ. ಎತ್ತರ ದತ್ತಾನ ಜೇಬಿನ ಮಟ್ಟ. ತೋಳು ಎರಡೂ ಕಡ್ಡಿ. ತಲೆ ನೀಟಾಗಿ ಬಾಚಿದ್ದರೂ ಕಿವಿಯ ಕೂದಲಿನಲ್ಲಿ ಹಿಟ್ಟು ಉಳಿದಿತ್ತು. ನಾನು ಅವನನ್ನು ದಾಟಿ ಬಾಗಿಲ ಕಡೆಗೇ ನೋಡುತ್ತಿದ್ದೆ, ಕ್ಯಾಪ್ಟನ್ ಬುಲೆಟ್ ನಿಲ್ಲಿಸಿ ಬರುತ್ತಿರಬೇಕು ಎಂದು. ಆಗ ಆ ಸಣ್ಣ ಆಸಾಮಿ ಸರೂನ ಮುಂದೆ ನಿಂತು, ಬುಡದಿಂದ ಬರುವ ದನಿಯಲ್ಲಿ ‘ನಮಸ್ಕಾರ್ರೀ ರಾಣಿ ಅಕ್ಕಾರ’ ಎಂದ.

ನಾನು ‘ಇವರಾ?’ ಎಂದುಕೊಂಡೆ. ಅದೂ ಎಂಥ ‘ಇವರಾ’. ಪಾರ್ಲರಿನಲ್ಲಿ ಗಿರಾಕಿಗಳು ಶರ್ಟನ್ನೂ ನನ್ನನ್ನೂ ಸರಿದೂಗಿಸುವಾಗ ಮುಖದ ಮೇಲೆ ಬರುತ್ತದಲ್ಲ, ಅದೇ. ಯಾವ ನೋಟಕ್ಕೆ ಹೆದರಿ ನಾನು ತಂಗಿಗೆ ವೇಷ ಹಾಕಿಸಿ ಕೂಡಿಸಿದ್ದೆನೋ, ಆ ನೋಟವನ್ನು ಅವರ ಬದಲು ನಾನೇ ಬೀರಿಬಿಟ್ಟಿದ್ದೆ. ಸದ್ಯ, ಅದು ಕನ್ನಡಿಗೆ ಮಾತ್ರ ಗೊತ್ತಾಯಿತು.

ರೊಟ್ಟಿ ಬಂತು, ಎಣಗಾಯಿ ಬಂತು, ಮಾತು ಶುರುವಾಯಿತು. ನಾನು ಕಿವಿಯನ್ನು ಬೆನ್ನಿಗೆ ಅಂಟಿಸಿಕೊಂಡವಳಂತೆ ಕೂತು ಕೇಳಿದೆ. ಕ್ಯಾಪ್ಟನ್ನರದು ಹಿಟ್ಟಿನ ಗಿರಣಿಯಂತೆ. ಆ ಗರಗರ ಸದ್ದು ಸನವಳ್ಳಿಯ ಜೋಳದ್ದು, ಗೋದಿಯದು. ಬೀಸಲು ಹಾಕಿ ಮೊಬೈಲು ಹಿಡಿಯುತ್ತಾರಂತೆ. ಸರೂ ಚೆನ್ನಾಗಿಯೇ ಹೂಂಗುಟ್ಟುತ್ತಿದ್ದಳು. ಅಷ್ಟರಲ್ಲಿ ದತ್ತಾ ಕೇಳಿದ.

‘ಅಕ್ಕಾ, ಭಾಳ ದಿನದಿಂದ ಕೇಳಬೇಕಂತಿದ್ದೆ. ನೀವು ದೂರಿಂದ ಹೊಡೀವಾಗ ಸ್ಕೋಪ್ ಎಷ್ಟ ಹಾಕ್ತೀರಿ?’

ಕೆಮ್ಮು, ಕೆಮ್ಮು ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಸರೂ ಕೆಮ್ಮಲಿಲ್ಲ. ಸ್ಕೋಪ್ ಎಂದರೆ ಬಂದೂಕಿನ ಮೇಲೆ ಹಾಕುವ ದುರ್ಬೀನು, ಅವಳಿಗೆ ಅದು ಸೋಪು ಎಂದು ಕೇಳಿತೋ, ಸೋಡಾ ಎಂದು ಕೇಳಿತೋ. ಸ್ವಲ್ಪ ಯೋಚಿಸಿ ಹೇಳಿದಳು.

‘ನಾ ಅಳತಿ ಮಾಡೂದಿಲ್ರೀ. ಕಣ್ಣಳತಿಲೇ ಹಾಕ್ತೇನಿ.’

‘ಕಣ್ಣಳತಿಲೇ’ ಎಂದರು ಕ್ಯಾಪ್ಟನ್, ಬಹಳ ಗಂಭೀರವಾಗಿ. ‘ಕೇಳಿದ್ಯಾ ದತ್ತಾ? ಅದಕ್ಕ ಅವರು ರಾಣಿ.’

ಇಬ್ಬರೂ ಉಣ್ಣುವುದು ಬಿಟ್ಟು ಆ ಮಾತನ್ನು ಮೆಲುಕು ಹಾಕಿದರು. ಸರೂಗೆ ಧೈರ್ಯ ಬಂತು. ಜಾಸ್ತಿ ಹಾಕಿದರೆ ಕೆಡುತ್ತದೆ, ಕಮ್ಮಿ ಹಾಕಿ ನೋಡಿ ಆಮೇಲೆ ಬೇಕಾದರೆ ಹಾಕಬೇಕು, ಗಡಿಬಿಡಿ ಮಾಡಬಾರದು ಎಂದೆಲ್ಲ ಹೇಳಿದಳು. ಆಶ್ಚರ್ಯವೆಂದರೆ ಅದರಲ್ಲಿ ಒಂದೂ ತಪ್ಪಿರಲಿಲ್ಲ. ನಾನು ನಿಶ್ಚಿಂತೆಯಿಂದ ಎರಡನೆಯ ರೊಟ್ಟಿಗೆ ಕೈ ಹಾಕಿದೆ. ಇಲ್ಲಿಗೆ ಊಟ ಮುಗಿದು ಅವರು ಕೈ ತೊಳೆದುಕೊಂಡು ಹೋಗಿದ್ದರೆ, ಇವತ್ತಿಗೂ ಕಾಳಿರಾಣಿ ಎಂ ಸೈಜಿನವಳಾಗಿಯೇ ಇರುತ್ತಿದ್ದಳು.

ಆದರೆ ಕ್ಯಾಪ್ಟನ್ ಮಜ್ಜಿಗೆ ಕುಡಿದು, ಲೋಟ ಇಟ್ಟು, ಸೇತುವೆಯ ಮಾತು ತೆಗೆದರು.

ಆ ಸೇತುವೆಯ ಬಗ್ಗೆ ನಿಮಗೆ ಹೇಳಲೇಬೇಕು. ಹಿಂದಿನ ತಿಂಗಳು ಒಂದು ಆಟದಲ್ಲಿ ನಾವು ಮೂವರೂ ಕೊನೆಯ ತನಕ ಉಳಿದಿದ್ದೆವು. ಸೇತುವೆ ದಾಟಿದರೆ ಗೆಲುವು. ದಾಟುವಾಗ ಹೊಗೆ ಬಾಂಬು ಮುಂದೆ ಎಸೆದರೆ ಎದುರಾಳಿಗೆ ನಾವು ಕಾಣುವುದಿಲ್ಲ. ನನ್ನ ಹತ್ತಿರವಿದ್ದ ಹೊಗೆ ಬಾಂಬುಗಳನ್ನೆಲ್ಲ ನಾನು ಕ್ಯಾಪ್ಟನ್ನರಿಗೆ ಕೊಟ್ಟಿದ್ದೆ, ಅವರು ಮುಂದಿದ್ದರೆಂದು. ಅದೇ ಹೊತ್ತಿಗೆ ಅವರು ಯಾರಿಗೋ ‘ಜ್ವಾಳ ಹಸಿ ಅದಾವು, ಒಣಗಿಸಿಕೊಂಡು ಬಾ’ ಎಂದು ಹೇಳುತ್ತ ಬಾಂಬನ್ನು ತಮ್ಮ ಕಾಲ ಬುಡದಲ್ಲೇ ಹಾಕಿಕೊಂಡರು. ನಾವು ಮೂವರೂ ನಮ್ಮದೇ ಹೊಗೆಯಲ್ಲಿ ಕುರುಡರಂತೆ ಸುತ್ತಿ ಸುತ್ತಿ ಸತ್ತೆವು.

ಅಂಥ ಮನುಷ್ಯ ಈಗ ಹೇಳುತ್ತಿದ್ದಾರೆ: ‘ಎಲ್ಲಾ ಖರೆ ಅಕ್ಕಾರ, ಆದ್ರ ಅವತ್ತ ಸೇತುವಿ ಮ್ಯಾಲ ನೀವು ಹೊಗಿ ಬಾಂಬ್ ಒಗೀಲಿಲ್ಲ ನೋಡ್ರಿ. ಅದಕ್ಕ ಸೋತ್ವಿ.’

ಸರೂ ಒಂದು ಕ್ಷಣವೂ ತಡಮಾಡಲಿಲ್ಲ.

‘ಹೌದ್ರೀ. ನಂದ ತಪ್ಪಾತು.’

ಏನಾಯಿತೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿತು, ನೋಡಿದರೆ ನಾನೇ ಎದ್ದು ನಿಂತಿದ್ದೆ. ಕೈಯಲ್ಲಿ ರೊಟ್ಟಿಯ ಚೂರು, ಬಾಯಲ್ಲಿ ಇನ್ನೊಂದು.

‘ಯಾರ ತಪ್ಪು? ಇದ್ದಬದ್ದ ಬಾಂಬ್ ಎಲ್ಲಾ ನಿಮ್ಮ ಕೈಯಾಗ ಕೊಟ್ಟಿದ್ದೆ ನಾ. ಹಸಿ ಜ್ವಾಳದ ಮಾತಾಡ್ಕೋತ ಕಾಲಾಗ ಹಾಕ್ಕೊಂಡವ್ರು ನೀವು.’

ಬಡಿಸುವವನು ಸಾರಿನ ಸೌಟು ಹಿಡಿದುಕೊಂಡು ನಿಂತ. ಈಗ ಬರುತ್ತದೆ ಆ ನೋಟ ಎಂದು ನಾನು ಕಾದೆ. ಮೇಲಿನಿಂದ ಕೆಳಗೆ, ಒಂದು ಬದಿಯಿಂದ ಇನ್ನೊಂದು ಬದಿಗೆ. ಕ್ಯಾಪ್ಟನ್ ಎದ್ದರು. ಎದ್ದದ್ದರಿಂದ ಅವರ ಎತ್ತರದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಬೆರಳು ಎತ್ತಿದರು.

‘ಬಾಂಬ್ ಕೊಟ್ಟಿದ್ರಿ, ಒಪ್ಪಿದೆ. ಆದ್ರ ಎಡಕ್ಕ ಹೋಗ್ರಿ ಅಂದವ್ರು ಯಾರು?’

‘ಎಡಕ್ಕಂದ್ರ ಎಡಕ್ಕ ಒಗೀರಿ ಅಂದಿದ್ದೆ, ಎಡಕ್ಕ ನಿಲ್ರಿ ಅಂದಿಲ್ಲ.’

‘ದತ್ತಾ ಕೇಳ್ಯಾನ. ಹೇಳೋ ದತ್ತಾ.’

‘ನನಗ ನಿಮ್ಮಿಬ್ಬರ ಮಾತೂ ಸತ್ತ ಮ್ಯಾಲ ಕೇಳಿಸ್ತು’ ಎಂದ ದತ್ತಾ.

ಜಗಳ ಹತ್ತಿಕೊಂಡಿತು. ನಾನು ತಟ್ಟೆ ಎತ್ತಿಕೊಂಡು ಅವರ ಟೇಬಲ್ಲಿಗೇ ಹೋದೆ. ಉಪ್ಪಿನಕಾಯಿ ಬಟ್ಟಲು ಸೇತುವೆಯ ಈಚೆಯ ದಂಡೆಯಾಯಿತು, ಚಟ್ನಿ ಆಚೆಯ ದಂಡೆ, ಲಿಂಬೆಹಣ್ಣಿನ ಹೋಳು ಕ್ಯಾಪ್ಟನ್. ರೊಟ್ಟಿ ಆರಿತು, ಅನ್ನ ಬಂತು, ಅನ್ನವೂ ಆರಿತು. ಕೊನೆಗೆ ಲಿಂಬೆಹಣ್ಣು ನಿಂತ ಜಾಗ ತಪ್ಪೆಂದು ಕ್ಯಾಪ್ಟನ್ ಒಪ್ಪಿಕೊಂಡು, ಅದನ್ನು ಅನ್ನಕ್ಕೆ ಹಿಂಡಿಕೊಂಡರು. ಆಗ ದತ್ತಾನಿಗೆ ಏನೋ ಹೊಳೆದಂತಾಗಿ, ಸರೂನ ಕಡೆ ತಿರುಗಿ ಮೆಲ್ಲಗೆ ಕೇಳಿದ.

‘ಹಂಗಾರ ಇವರು ಯಾರು?’

ಹೇಳಬೇಕಾಯಿತು. ಹೇಳುವಾಗ ನನ್ನ ದನಿ ಯುದ್ಧದ ಹೊತ್ತಿನದಾಗಿ ಉಳಿದಿರಲಿಲ್ಲ. ಶರ್ಟು, ಅದರ ಅಕ್ಷರ, ತಲೆ ಸಿಕ್ಕಿಕೊಂಡದ್ದು, ಎಲ್ಲ. ಕ್ಯಾಪ್ಟನ್ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು.

‘ನಾ ಬಾಗಲಾ ತನಕ ಬಂದು ಎರಡು ಸಲ ತಿರುಗಿ ಹೋಗಿದ್ದೆ’ ಎಂದರು ಆಮೇಲೆ. ‘ಆಟದಾಗ ಅಷ್ಟ ದೊಡ್ಡ ಮನಷ್ಯಾ ಮಾಡಿ ಇಟ್ಟೇನಿ. ಅಕ್ಕಾರು ನೋಡಿದ್ರ ಏನಂತಾರ ಅನಿಸ್ತು. ದತ್ತಾ ಕೈ ಹಿಡಿದು ಎಳಕೊಂಡು ಬಂದಾನ.’

‘ಮತ್ತ ಆ ಕಿಟಕಿ ಕಡೆ ಕೂತವರ ಮುಂದ ಕುರ್ಚಿ ಮ್ಯಾಲ ಇನ್ನೊಂದು ಕುರ್ಚಿ ಹಾಕು, ಎತ್ತರ ಕಾಣ್ತೇನಿ ಅಂದ್ರು ಇವರು’ ಎಂದ ದತ್ತಾ.

‘ಅದು ಚಾಷ್ಟಿಗಿ, ನಗಸಾಕ ಅಂದಿದ್ದು’ ಎಂದರು ಕ್ಯಾಪ್ಟನ್, ಕಿವಿಯವರೆಗೆ ಕೆಂಪಾಗಿ. ಹಿಟ್ಟಿನ ಬಿಳುಪಿನ ಜೊತೆ ಅದು ಚೆನ್ನಾಗಿ ಕಂಡಿತು.

ಅವರಿಗೆ ಮೋಟರು ತರಲು ಹೊತ್ತಾಗಿತ್ತು. ದತ್ತಾನೂ ಅವರ ಜೊತೆ ಹೋದ. ಹೋಗುವಾಗ ಕ್ಯಾಪ್ಟನ್, ಹೊಸ ಶರ್ಟು ಮಾಡಿಸುತ್ತೇನೆ, ಈ ಸಲ ಟೇಪು ಹಿಡಿದು ಅಳತೆ ಹೇಳಿರಿ ಎಂದರು. ಹೇಳಿದೆ. ಮೊದಲ ಬಾರಿಗೆ ಒಂದು ಅಳತೆಯನ್ನು ದನಿ ಇಳಿಸದೆ ಹೇಳಿದೆ. ಬಡಿಸುವವನೂ ಕೇಳಿಸಿಕೊಂಡ, ಕೇಳಿಸಿಕೊಳ್ಳಲಿ.

ಪಾರ್ಲರಿಗೆ ಹೋಗಿ ಸರೂ ಆ ಶರ್ಟನ್ನು ಬಿಚ್ಚಿ ಹ್ಯಾಂಗರಿಗೆ ಹಾಕಿದ ಮೇಲೆ ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ಆಟೋ ಹತ್ತಿದೆವು. ನನ್ನ ತಲೆಯಲ್ಲಿ ಗೆದ್ದ ಸಂಭ್ರಮ. ಕ್ಯಾಪ್ಟನ್ ಹೀಗಂದರು, ನಾನು ಹಾಗಂದೆ ಎಂದು ಒಂದೇ ಸವನೆ ಹೇಳುತ್ತಿದ್ದೆ. ಸರೂ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೊರಗೆ ನೋಡುತ್ತಿದ್ದಳು.

‘ಅಕ್ಕಾ, ಒಂದು ಕೇಳ್ಲಿ? ನಾ ತಪ್ಪಾತು ಅಂದೆನಲ್ಲ, ಅದು ಯಾವ ತಪ್ಪು?’

‘ಅಯ್ಯ, ಗೊತ್ತಿಲ್ಲದನ ಒಪ್ಪಿಕೊಂಡ್ಯಾ? ಕೆಮ್ಮಬೇಕಿತ್ತು ನೀ.’

‘ಕೆಮ್ಮು ನೆನಪಾಗಲಿಲ್ಲ.’ ಅವಳು ನಕ್ಕಳು. ‘ಯಾರರೇ ದನಿ ಎತ್ತಿದ್ರ ಆ ಮಾತು ತಾನ ಬಾಯಾಗ ಬರ್ತದ. ಮನ್ಯಾಗ ರೂಢಿ ಆಗೇತಿ. ಏನು ಎತ್ತ ಕೇಳೂದ ಬಿಟ್ಟೇನಿ. ಕೇಳಾಕ ಹೋದ್ರ ಮಾತು ಉದ್ದ ಆಗ್ತೈತಿ.’

ಆಟೋ ಒಂದು ಬಿದಿರಿನ ಲಾರಿಯ ಹಿಂದೆ ನಿಧಾನವಾಯಿತು. ಅವಳೇ ಮುಂದುವರಿಸಿದಳು.

‘ಆದ್ರ ಇವತ್ತ ಚಲೋ ಇತ್ತಕ್ಕಾ. ನಾ ಬಾಯಿ ತಗದ್ರ ಇಬ್ಬರೂ ಉಣ್ಣೂದು ಬಿಟ್ಟು ಕೇಳ್ತಿದ್ರು. ನೀ ದಿನಾ ಹಿಂಗ ಇರ್ತೀಯಲ್ಲಾ.’

ನಾನು ಬದುಕಿನುದ್ದಕ್ಕೂ ಅವಳ ಸೊಂಟವನ್ನು ನೋಡಿ ಹೊಟ್ಟೆ ಉರಿದುಕೊಂಡವಳು. ಅವಳಿಗೆ ನನ್ನಲ್ಲಿ ಬಯಸುವಂಥದು ಏನಾದರೂ ಇರಬಹುದೆಂದು ಒಂದು ದಿನವೂ ಅನಿಸಿರಲಿಲ್ಲ. ಪಾರ್ಲರಿನಲ್ಲಿ ಹೊಸ ಹುಡುಗಿಯರಿಗೆ ದಾರ ಹಿಡಿಯುವುದನ್ನು ಕಲಿಸುವ ದನಿಯಲ್ಲಿ ಹೇಳಿದೆ.

‘ಸರೂ, ನಂದಲ್ಲ ಅನ್ನು.’

‘ಏನು?’

‘ತಪ್ಪು ನಂದಲ್ಲ. ಅಂದು ನೋಡು. ಬಾಯಿ ರೂಢಿ ಆಗ್ಲಿ.’

ಅವಳು ಸುತ್ತ ನೋಡಿದಳು. ಆಮೇಲೆ ದುಪಟ್ಟಾಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ, ‘ನಂದಲ್ಲ’ ಎಂದಳು.

‘ಜೋರಾಗಿ.’

‘ನಂದಲ್ಲ.’

ಆಟೋದವನು ಬ್ರೇಕು ಹಾಕಿ ಹಿಂದಕ್ಕೆ ತಿರುಗಿದ. ನಮ್ಮ ಹಿಂದಿನ ಜಾಗವನ್ನೆಲ್ಲ ಇಣುಕಿ ನೋಡಿ ಕೇಳಿದ.

‘ಯಾವುದು ನಿಮ್ದಲ್ಲ ಅಕ್ಕಾರ? ಚೀಲಾನಾ?’

‘ತಪ್ಪು’ ಎಂದಳು ಸರೂ, ಈ ಸಲ ಸ್ಪಷ್ಟವಾಗಿ.

ಅವನು ಸ್ವಲ್ಪ ಯೋಚಿಸಿದ.

‘ಹಂಗಾರ ಬಿಡ್ರಿ’ ಎಂದು ಗೇರು ಬದಲಿಸಿದ.